ಹಳೆಯ ಕಂಪ್ಯೂಟರ್‌ಗಳ ನೆನಪು ಬರಿಯ ಹಳಹಳಿಕೆಯೇ?

ಬೆಂಗಳೂರಿನ ಹಿರಿಯ ಪ್ರೋಗ್ರಾಮರ್‌ಗಳು ಸೇರಿದಲ್ಲೆಲ್ಲ ಫ್ಲಾಪಿ, ಡಾಸ್, ಡಯಲ್‌ಅಪ್ ಎಂದು ಹಳೆಯದನ್ನೇ ಮೆಲುಕು ಹಾಕುತ್ತಾರೆ, ಅದರಿಂದ ಅವರಿಗಲ್ಲದೆ ಬೇರೆ ಯಾರಿಗಾದರೂ ಉಪಯೋಗವಾಗಿದೆಯೇ ಎಂದು ನೀವು ಕೇಳಿದ್ದೀರಿ. ಆ ಹಿರಿಯರಲ್ಲಿ ಒಬ್ಬನಾದ ನನ್ನ ಉತ್ತರ, ಆಗಿದೆ ಎಂಬುದು. ಆ ಮಾತುಕತೆಯಲ್ಲಿ ಯಂತ್ರಗಳ ಹೆಸರು ಎಷ್ಟು ಬಂದರೂ ನಾವು ನಿಜವಾಗಿ ನೆನೆಯುವುದು ಆ ಯಂತ್ರಗಳ ಮುಂದೆ ದಿಕ್ಕು ತೋಚದೆ ಕುಳಿತಿದ್ದಾಗ ಪರಿಚಯವೇ ಇಲ್ಲದೆ ನೆರವಿಗೆ ಬಂದವರನ್ನು. ಹಾಗೆ ಪಡೆದದ್ದನ್ನು ಮುಂದಿನವರಿಗೆ ದಾಟಿಸಬೇಕೆಂಬ ಹಂಬಲದಿಂದಲೇ ನಮ್ಮ ಬಳಗದ ಸೇವಾಕಾರ್ಯಗಳೆಲ್ಲ ಹುಟ್ಟಿವೆ.

ಆಗಿನ ಕೊರತೆ ಎಂಥದ್ದೆಂದು ಸ್ವಲ್ಪ ಹೇಳಬೇಕು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಮೂಲಕ. ಫೋನ್ ತಂತಿಯ ಮೂಲಕ ಸಿಗುತ್ತಿದ್ದ ಆ ಡಯಲ್‌ಅಪ್ ಸಂಪರ್ಕದ ವೇಗ ಸೆಕೆಂಡಿಗೆ 9,600 ಬಿಟ್. ಎಲ್ಲವೂ ಸರಿಯಾಗಿದ್ದರೂ 1.44 ಎಂಬಿಯ ಒಂದು ಫ್ಲಾಪಿ ತುಂಬುವಷ್ಟು ಕಡತ ಇಳಿಯಲು 20 ನಿಮಿಷಕ್ಕೂ ಹೆಚ್ಚು ಬೇಕಿತ್ತು, ಮತ್ತು ಎಲ್ಲವೂ ಸರಿಯಾಗಿರುವುದು ಅಪರೂಪವಾಗಿತ್ತು. ಆದ್ದರಿಂದ ಯಾರ ಬಳಿ ಏನಿದೆಯೋ ಅದನ್ನು ಹಂಚಿಕೊಳ್ಳದೆ ಗತ್ಯಂತರವಿರಲಿಲ್ಲ. ಪಿಸಿಕ್ವೆಸ್ಟ್ ಪತ್ರಿಕೆಯೊಂದಿಗೆ, ವಿಂಡೋಸಿನ ಬದಲು ಉಚಿತವಾಗಿ ಬಳಸಿ ಹಂಚಬಹುದಾದ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಸಿಡಿ ಬಂದರೆ ಅದು ಜಯನಗರದಿಂದ ಮಲ್ಲೇಶ್ವರಕ್ಕೆ, ಅಲ್ಲಿಂದ ಯಾವುದೋ ಕಾಲೇಜಿನ ಹಾಸ್ಟೆಲ್ಲಿಗೆ ಕೈಯಿಂದ ಕೈಗೆ ಸಾಗುತ್ತಿತ್ತು. ಎಸ್‌.ಪಿ. ರಸ್ತೆಯ ಕಿರಿದಾದ ಅಂಗಡಿಗಳಲ್ಲಿ ಕಂಪ್ಯೂಟರನ್ನು ಫೋನ್ ತಂತಿಗೆ ಜೋಡಿಸುವ ಮೋಡೆಮ್ ಕೊಳ್ಳಲು ಹೋದವನಿಗೆ, ಪಕ್ಕದಲ್ಲಿ ನಿಂತಿದ್ದ ಮತ್ತೊಬ್ಬ ಗಿರಾಕಿ, ಇದು ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ, ಲಿನಕ್ಸಿಗಾದರೆ ಅದನ್ನು ತೆಗೆದುಕೊಳ್ಳಿ ಎಂದು ತಾನಾಗಿಯೇ ಎಚ್ಚರಿಸುತ್ತಿದ್ದ.

ಒಂದು ಸಂಗತಿಯನ್ನು ಬಿಡಿಸಿ ಹೇಳುತ್ತೇನೆ. ಆ ಕಾಲದ ಲಿನಕ್ಸಿನಲ್ಲಿ ಚಿತ್ರಾತ್ಮಕ ಪರದೆ ಬರಬೇಕಾದರೆ ನಮ್ಮ ಮಾನಿಟರಿನ ಅಡ್ಡ ಮತ್ತು ಲಂಬ ಆವರ್ತನಗಳ, ಎಂದರೆ ಅದು ಸೆಕೆಂಡಿಗೆ ಎಷ್ಟು ಸಾಲುಗಳನ್ನು, ಎಷ್ಟು ಬಾರಿ ಇಡೀ ಪರದೆಯನ್ನು ಮೂಡಿಸಬಲ್ಲದು ಎಂಬುದರ ಮಿತಿಯನ್ನು ನಾವೇ ಕಡತದಲ್ಲಿ ಬರೆಯಬೇಕಿತ್ತು. ತಪ್ಪು ಅಂಕಿ ಕೊಟ್ಟರೆ ಮಾನಿಟರಿಗೇ ಹಾನಿಯಾಗಬಹುದೆಂದು ಕೈಪಿಡಿಯಲ್ಲಿ ಎಚ್ಚರಿಕೆ ಇರುತ್ತಿತ್ತು. ಮನೆಯವರು ಸಾಲ ಮಾಡಿ ಕೊಡಿಸಿದ ಯಂತ್ರದ ಮುಂದೆ ಕುಳಿತ ಹುಡುಗನಿಗೆ ಆ ಎಚ್ಚರಿಕೆ ಓದಿದರೆ ಕೈ ನಡುಗುವುದು ಸಹಜ. ನನ್ನ ಮಾನಿಟರಿನ ಮಾದರಿಯನ್ನು ಬರೆದು ಸಹಾಯ ಕೇಳಿದ್ದೆ. ನಾನು ಎಂದೂ ನೋಡಿರದ ಹಿರಿಯರೊಬ್ಬರು ರಾತ್ರಿ ಮನೆಗೆ ಫೋನ್ ಮಾಡಿ, ತಮ್ಮಲ್ಲಿದ್ದ ಕೈಪಿಡಿಯಿಂದ ಅಂಕಿಗಳನ್ನು ಒಂದೊಂದಾಗಿ ಹೇಳಿ ಬರೆಸಿ, ಪರದೆಯ ಮೇಲೆ ಬೂದು ಚುಕ್ಕೆಗಳ ಹಿನ್ನೆಲೆ ಮೂಡುವವರೆಗೂ ಫೋನ್ ಇಡಲಿಲ್ಲ. ಇಂದು ಸಹಾಯ ಕೇಳಿ ಯಾರಾದರೂ ನನಗೆ ಬರೆದರೆ, ಎಷ್ಟೇ ಕೆಲಸವಿದ್ದರೂ ಉತ್ತರಿಸದೆ ಬಿಡಲು ನನಗೆ ಮನಸ್ಸು ಬಾರದಿರುವುದಕ್ಕೆ ಅವರೇ ಕಾರಣ.

ದಾನದ ಮಾತು ಪ್ರೋಗ್ರಾಮರ್‌ಗಳ ನಡುವೆ ಹೊಸದಲ್ಲ. ವಿಮ್ ಎಂಬ ಪಠ್ಯ ಸಂಪಾದಕವನ್ನು ನೀವು ಬಳಸಿರಬಹುದು. ಡಚ್ ಪ್ರೋಗ್ರಾಮರ್ ಬ್ರಾಮ್ ಮೂಲೆನಾರ್ ಅದನ್ನು 1991ರಲ್ಲಿ ಅಮಿಗಾ ಕಂಪ್ಯೂಟರಿಗಾಗಿ ಬಿಡುಗಡೆ ಮಾಡಿದರು. ಮುಂದೆ ಅವರು ಉಗಾಂಡಾದ ಕಿಬಾಲೆ ಎಂಬಲ್ಲಿಗೆ ಸ್ವಯಂಸೇವಕರಾಗಿ ಹೋಗಿ ಬಂದ ಮೇಲೆ, ವಿಮ್ ಬಳಸುವವರು ತಮಗೆ ಹಣ ಕೊಡುವ ಬದಲು ಅಲ್ಲಿನ ಮಕ್ಕಳಿಗೆ ನೆರವಾಗಲಿ ಎಂದು ಕೋರಿದರು. ವಿಮ್ ತೆರೆದ ಕೂಡಲೇ ಉಗಾಂಡಾದ ಬಡ ಮಕ್ಕಳಿಗೆ ಸಹಾಯ ಮಾಡಿ ಎಂಬ ಸಾಲು ಕಾಣುತ್ತಿತ್ತು. ಪ್ರತಿದಿನ ಕೆಲಸ ಆರಂಭಿಸುವಾಗ ಆ ಸಾಲನ್ನು ಓದಿದವರಲ್ಲಿ ನಾವೂ ಇದ್ದೆವು. ಹೊರದೇಶಕ್ಕೆ ಹಣ ಕಳುಹಿಸುವುದು ಆಗ ನಮ್ಮಂಥವರಿಗೆ ಸುಲಭವಿರಲಿಲ್ಲ. ಹಾಗಾಗಿ ಗೆಳೆಯರೆಲ್ಲ ಸೇರಿ ಅದೇ ಹಣವನ್ನು ಇಲ್ಲಿನ ಒಂದು ಸರ್ಕಾರಿ ಶಾಲೆಯ ಮಕ್ಕಳ ಪುಸ್ತಕಗಳಿಗೆ ಕೊಡಲು ಆರಂಭಿಸಿದೆವು. ಮೂಲೆನಾರ್ 2023ರ ಆಗಸ್ಟ್‌ನಲ್ಲಿ ತೀರಿಕೊಂಡ ಸುದ್ದಿ ಬಂದಾಗ ನಮ್ಮ ಬಳಗದಲ್ಲಿ ಮನೆಯ ಹಿರಿಯರನ್ನು ಕಳೆದುಕೊಂಡಂಥ ಮೌನವಿತ್ತು.

ಬೆಂಗಳೂರಿನಲ್ಲಿಯೇ ನಡೆದ ಒಂದು ಕೆಲಸವನ್ನೂ ಗೌರವದಿಂದ ಹೆಸರಿಸಬೇಕು. ಬನ್ನೇರುಘಟ್ಟ ರಸ್ತೆಗೆ ಹತ್ತಿರವಿರುವ ಗುರಪ್ಪನಪಾಳ್ಯದ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚುವಂತಿರಬೇಕು ಎನ್ನುವ ಮುಕ್ತ ತಂತ್ರಾಂಶ ಚಳವಳಿಯ ಕಾರ್ಯಕರ್ತರು ಅಂಬೇಡ್ಕರ್ ಹೆಸರಿನಲ್ಲಿ ಸಮುದಾಯ ಕಂಪ್ಯೂಟರ್ ಕೇಂದ್ರವೊಂದನ್ನು ಕಟ್ಟಿದರು. ಹಗಲೆಲ್ಲ ಕಂಪನಿಗಳಲ್ಲಿ ದುಡಿಯುವ ಎಂಜಿನಿಯರುಗಳು ಬಿಡುವಿನಲ್ಲಿ ಅಲ್ಲಿಗೆ ಹೋಗಿ ಪಾಠ ಹೇಳಿದರು. ಅಲ್ಲಿನ ಮಕ್ಕಳು ಗಿಂಪ್ ಎಂಬ ಚಿತ್ರ ತಂತ್ರಾಂಶ ಕಲಿತು ಚಿತ್ರಗಳನ್ನು ರಚಿಸಿದರು. ಯಂತ್ರಗಳನ್ನು ಕೊಟ್ಟು ಕೈತೊಳೆದುಕೊಳ್ಳದೆ ಜೊತೆಗೆ ಕುಳಿತು ಕಲಿಸಿದ್ದರಿಂದಲೇ ಅದು ಸಾಧ್ಯವಾಯಿತೆಂದು ನಾನು ನಂಬಿದ್ದೇನೆ.

ಈಗ ನಮ್ಮ ಬಳಗದ ಕೆಲಸಕ್ಕೆ ಬರುತ್ತೇನೆ. ಬಸವನಗುಡಿಯ ಗೆಳೆಯರೊಬ್ಬರ ಮನೆಯ ಮಹಡಿಯಲ್ಲಿ ಶನಿವಾರ ಸೇರುತ್ತೇವೆ. ಅಟ್ಟ ಸೇರಿದ ಕಂಪ್ಯೂಟರ್‌ಗಳನ್ನು ತಂದು, ದೂಳು ಊದಿ, ಮೆಮೊರಿ ಪಟ್ಟಿಯ ಹಳದಿ ಅಂಚನ್ನು ಮಕ್ಕಳ ರಬ್ಬರಿನಿಂದ ಉಜ್ಜುತ್ತೇವೆ. ಸತ್ತಿತೆಂದು ಬಿಸಾಡಿದ ಎಷ್ಟೋ ಯಂತ್ರಗಳು ಅಷ್ಟಕ್ಕೇ ಎದ್ದು ಕೂರುತ್ತವೆ. ಮುಖ್ಯ ಫಲಕವಾದ ಮದರ್‌ಬೋರ್ಡಿನಲ್ಲಿ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಗಳ ನೆತ್ತಿ ಉಬ್ಬಿದ್ದರೆ ಅವು ಕೆಟ್ಟಿವೆ ಎಂದರ್ಥ, ಅಂಥದ್ದನ್ನು ಶಾಲೆಗೆ ಕೊಡುವುದಿಲ್ಲ. ಡಿಸ್ಕನ್ನು ಪೂರ್ತಿ ಅಳಿಸಿ ಲಿನಕ್ಸ್ ಹಾಕುತ್ತೇವೆ. ಯಂತ್ರಗಳು ತೀರ ಹಳೆಯವಾಗಿದ್ದರೆ ಒಂದು ಒಳ್ಳೆಯ ಕಂಪ್ಯೂಟರನ್ನು ಸರ್ವರ್ ಮಾಡಿ, ಉಳಿದವು ಜಾಲದ ಮೂಲಕವೇ ಶುರುವಾಗುವಂತೆ ಎಲ್‌ಟಿಎಸ್‌ಪಿ ಎಂಬ ತಂತ್ರಾಂಶ ಅಳವಡಿಸುತ್ತೇವೆ. ಆಗ ಆ ಯಂತ್ರಗಳಿಗೆ ಡಿಸ್ಕ್ ಕೂಡ ಬೇಕಾಗುವುದಿಲ್ಲ, ತಂತ್ರಾಂಶದ ರಿಪೇರಿ ಬಂದರೆ ಒಂದೇ ಕಡೆ ಮಾಡಿದರಾಯಿತು. ಚಿಕ್ಕ ಮಕ್ಕಳಿಗೆ ಚಿತ್ರ ಬಿಡಿಸುವ ಟಕ್ಸ್ ಪೇಂಟ್ ತಂತ್ರಾಂಶ ಕನ್ನಡದಲ್ಲಿಯೇ ದೊರೆಯುತ್ತದೆ.

ಕೊಟ್ಟ ಮೇಲೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ. ಮಾಗಡಿ ರಸ್ತೆಯ ಕಡೆಯ ಒಂದು ಶಾಲೆಯಲ್ಲಿ ಇಂಟರ್‌ನೆಟ್ ಕೆಟ್ಟಿದೆ ಎಂದು ಹಲವು ವಾರಗಳಿಂದ ಕೊಠಡಿಗೆ ಬೀಗ ಹಾಕಿದ್ದರು. ಹೋಗಿ ನೋಡಿದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಮುಗಿದು ಗಡಿಯಾರ ಹಿಂದಕ್ಕೆ ಹೋಗಿತ್ತು. ದಿನಾಂಕ ತಪ್ಪಾಗಿದ್ದರೆ ನಿಗದಿತ ಅವಧಿಗೆ ಮಾತ್ರ ಸಲ್ಲುವ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳನ್ನು ಬ್ರೌಸರ್ ಒಪ್ಪುವುದಿಲ್ಲ, ಹೆಚ್ಚಿನ ತಾಣಗಳು ತೆರೆಯುವುದಿಲ್ಲ. ಕೆಲವೇ ಹತ್ತು ರೂಪಾಯಿಗಳ ಬ್ಯಾಟರಿಯಿಂದ ಪಾಠಗಳು ಮತ್ತೆ ಆರಂಭವಾದವು. ಬ್ಯಾನರ್ ಕಟ್ಟಿ, ಫೋಟೊ ತೆಗೆಸಿಕೊಂಡು, ಮತ್ತೆಂದೂ ಆ ಕಡೆ ತಲೆ ಹಾಕದವರು ಕೊಟ್ಟ ಹೊಚ್ಚಹೊಸ ಕಂಪ್ಯೂಟರ್‌ಗಳು ಇಂಥ ಸಣ್ಣ ಕಾರಣಗಳಿಗೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಬಿದ್ದಿರುವುದನ್ನು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಹಳೆಯ ನೆನಪು ನೇರವಾಗಿ ಉಪಯೋಗಕ್ಕೆ ಬಂದ ಸಂದರ್ಭವನ್ನು ವಿವರವಾಗಿ ಹೇಳುವುದು ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರವಾದೀತು. ಅದೇ ಶಾಲೆಯ ಮುಖ್ಯ ಶಿಕ್ಷಕಿ, ಮಕ್ಕಳಿಗೆ ಆಟ, ಚಿತ್ರ ಎಲ್ಲ ಇರಲಿ, ಮೊದಲು ನಮ್ಮ ಪ್ರಶ್ನೆಪತ್ರಿಕೆಗಳು ತೆರೆಯುವಂತೆ ಮಾಡಿಕೊಡಿ ಎಂದರು. ಹತ್ತಾರು ವರ್ಷಗಳ ಪ್ರಶ್ನೆಪತ್ರಿಕೆಗಳು, ಟಿಪ್ಪಣಿಗಳು, ವಾರ್ಷಿಕೋತ್ಸವದ ವರದಿಗಳು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು. ನಮ್ಮ ಲಿನಕ್ಸಿನಲ್ಲಿ ತೆರೆದರೆ ರೋಮನ್ ಅಕ್ಷರಗಳೂ ಯೂರೋಪಿನ ಭಾಷೆಗಳ ಚುಕ್ಕೆ ಗೆರೆ ಹೊತ್ತ ಅಕ್ಷರಗಳೂ ಬೆರೆತ ಕಲಸುಮೇಲೋಗರ ಮಾತ್ರ ಕಾಣುತ್ತಿತ್ತು.

ಇದಕ್ಕೆ ಕಾರಣ ಹೀಗಿದೆ. ಪ್ರತಿ ಲಿಪಿಯ ಅಕ್ಷರಗಳಿಗೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುನ್ನ ಸಾಮಾನ್ಯ ಕಂಪ್ಯೂಟರಿನಲ್ಲಿ ಕನ್ನಡಕ್ಕೆಂದು ಪ್ರತ್ಯೇಕ ಸ್ಥಾನ ಇರಲಿಲ್ಲ. ರೋಮನ್ ಲಿಪಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡ ಅಕ್ಷರಗಳ ಚೂರುಗಳನ್ನು ಕೂರಿಸಿ, ಅವನ್ನು ಜೋಡಿಸಿ ಪದ ಮೂಡಿಸುತ್ತಿದ್ದರು. ಆ ಮಿತಿಯಲ್ಲಿಯೇ ಎಂಥ ಕೆಲಸ ಮಾಡಿದರು ಎಂಬುದನ್ನು ನೆನೆದರೆ ಕೈಮುಗಿಯಬೇಕೆನಿಸುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ಇಂದಿಗೂ ಲಕ್ಷಾಂತರ ಕನ್ನಡಿಗರು ಬಳಸುತ್ತಾರೆ. ಶೇಷಾದ್ರಿವಾಸು ಅವರ ‘ಬರಹ’ ಎಂಬ ತಂತ್ರಾಂಶ 1998ರಲ್ಲಿ ಬಂದು ಉಚಿತವಾಗಿಯೇ ಮನೆಮನೆ ತಲುಪಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಸರ್ಕಾರಿ ಕಚೇರಿಗಳ ಕೆಲಸವನ್ನು ಕನ್ನಡಕ್ಕೆ ತಂದಿತು. ಅಂದು ಬೆರಳಚ್ಚಿಸಿದ್ದನ್ನು ಇಂದು ಓದಲು ಮಾತ್ರ ಹಳೆಯ ಸಂಕೇತಗಳನ್ನು ಬಲ್ಲವರು ಬೇಕು.

ಹಳೆಯ ಸಂಕೇತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ದೊರೆಯುತ್ತವೆ, ಆದರೆ ಈ ಕಡತಗಳಲ್ಲಿ ಬೇರೆ ಬೇರೆ ಫಾಂಟುಗಳೂ ಇಂಗ್ಲಿಷ್ ಪದಗಳೂ ಗಣಿತದ ಚಿಹ್ನೆಗಳೂ ಒಂದರೊಳಗೊಂದು ಸೇರಿಕೊಂಡಿದ್ದವು. ಅರ್ಕಾವತ್ತು ಹೆಚ್ಚು ಕಾಡಿತು. ಸೂರ್ಯ ಎಂಬ ಪದದಲ್ಲಿ ಹಳೆಯ ನುಡಿ ಕಣ್ಣಿಗೆ ಕಾಣುವ ಕ್ರಮವನ್ನೇ ಅನುಸರಿಸಿ ಯಕಾರದ ನಂತರ ಅರ್ಕಾವತ್ತನ್ನು ಇಡುತ್ತದೆ. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ಮೊದಲು ರಕಾರ, ಆಮೇಲೆ ಯಕಾರ ಎನ್ನುತ್ತದೆ. ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಸಾಲದು, ಹಿಂದಿನ ಅಕ್ಷರ, ಒತ್ತು ಇದ್ದರೆ ಅದೂ ಸೇರಿ, ಎಲ್ಲಿ ಆರಂಭವಾಯಿತೆಂದು ಹುಡುಕಿ ರಕಾರವನ್ನು ಅದಕ್ಕಿಂತ ಮೊದಲು ಇಡಬೇಕು. ತೊಂಬತ್ತರ ದಶಕದಲ್ಲಿ, ಕಂಪ್ಯೂಟರಿನಲ್ಲಿ ಮುದ್ರಣಕ್ಕೆ ಪುಟ ಜೋಡಿಸುವ ಡಿಟಿಪಿ ಅಂಗಡಿಗಳಿಗೆ ತಂತ್ರಾಂಶ ಬರೆದುಕೊಟ್ಟಿದ್ದ ನಮ್ಮ ಬಳಗದ ಹಿರಿಯರೊಬ್ಬರಿಗೆ ಆ ಚೂರುಗಳ ಸಂಕೇತಗಳೆಲ್ಲ ಬಾಯಿಪಾಠವಾಗಿದ್ದವು. ಅವರು ಹೇಳುತ್ತ ಹೋದರು, ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಅದನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತ ಹೋದಳು. ಅವರಿಗೆ ಪೈಥಾನ್ ಬಾರದು, ಅವಳಿಗೆ ಹಳೆಯ ನುಡಿಯ ಗಂಧವಿರಲಿಲ್ಲ. ಇಬ್ಬರ ನಡುವೆ ಸುಮಾರು ನಲವತ್ತು ವರ್ಷಗಳ ಅಂತರ. ಆ ಮೇಜಿನ ಸುತ್ತ ಕಂಡಂಥ ಸ್ನೇಹವನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ. ಈಗ ಬೇರೆ ಶಾಲೆಗಳ ಶಿಕ್ಷಕರೂ ಆ ಪರಿವರ್ತಕವನ್ನು ಬಳಸುತ್ತಿದ್ದಾರೆ.

ನಿಮಗೂ ಇಂಥ ಕೆಲಸದಲ್ಲಿ ಆಸಕ್ತಿ ಇದ್ದರೆ ಇದು ಸಕಾಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಹೊಸ ಪ್ರೊಸೆಸರ್ ಬೇಕಾಗಿರುವುದರಿಂದ ಚೆನ್ನಾಗಿರುವ ಯಂತ್ರಗಳೂ ಕಚೇರಿಗಳಿಂದ ಹೊರಬೀಳುತ್ತಿವೆ. 4 ಜಿಬಿ ಮೆಮೊರಿ ಇದ್ದು, ತಿರುಗುವ ಡಿಸ್ಕಿನ ಬದಲು ಚಿಪ್ಪುಗಳಲ್ಲಿ ಕಡತ ಉಳಿಸುವ ಅಗ್ಗದ ಎಸ್‌ಎಸ್‌ಡಿ ಹಾಕಿದರೆ ಅವು ಲಿನಕ್ಸಿನಲ್ಲಿ ಇನ್ನೂ ಹಲವು ವರ್ಷ ದುಡಿಯುತ್ತವೆ. ರಿಪೇರಿಯಾಗದವನ್ನು ದಯವಿಟ್ಟು ಶಾಲೆಗಳಿಗೆ ಸಾಗಹಾಕಬೇಡಿ, ದಾಬಸ್‌ಪೇಟೆಯ ಇ-ಪರಿಸರದಂಥ ಅಧಿಕೃತ ಸಂಸ್ಕರಣಾ ಘಟಕಗಳಿಗೆ ಕೊಡಿ.

ಯಂತ್ರ ಇಲ್ಲದಿದ್ದರೂ ನೆರವಾಗಬಹುದು. ಮಾಗಡಿ ರಸ್ತೆಯ ಶಾಲೆಯ ಗ್ರಂಥಾಲಯದ ಪುಸ್ತಕಪಟ್ಟಿ ಇನ್ನೂ ಶ್ರೀಲಿಪಿ ಎಂಬ ಮತ್ತೊಂದು ತಂತ್ರಾಂಶದ ಹಳೆಯ ಫಾಂಟಿನಲ್ಲಿದೆ, ಮತ್ತು ಅದರ ಸಂಕೇತಗಳನ್ನು ಪೂರ್ತಿ ಬಲ್ಲವರು ನಮ್ಮಲ್ಲಿ ಯಾರೂ ಇಲ್ಲ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಹಿಂದೆ ಡಿಟಿಪಿ ಕೆಲಸ ಮಾಡಿದವರು ಇದ್ದರೆ ಅವರನ್ನು ಕೇಳಿ ನೋಡಿ, ಈ ಉತ್ತರದ ಕೆಳಗೆ ನನಗೊಂದು ಸಾಲು ಬರೆಯಿರಿ.