ಟ್ಯಾಲಿಯಿಂದ ಪೈಥಾನ್‌ಗೆ: ಸಾಲಕ್ಕೆ ಸಹಿ ಹಾಕುವ ಮೊದಲು

ಪ್ರಕರಣ: ಮಹಿಳೆ, 29 ವರ್ಷ, 2017ರ ಬಿ.ಕಾಂ. ದಾವಣಗೆರೆಯ ಒಂದು ಆಡಿಟರ್ ಕಚೇರಿಯಲ್ಲಿ ಜಿಎಸ್‌ಟಿ ಮತ್ತು ಟ್ಯಾಲಿ ಕೆಲಸ, ಸಂಬಳ 23,000. ಗುರುತು ಸಿಗದಂತೆ ಊರು, ವಯಸ್ಸು, ಮೊತ್ತಗಳನ್ನು ಬದಲಿಸಲಾಗಿದೆ.

ವೃತ್ತಿ ಸಲಹೆಗೆಂದು ನಮ್ಮ ಬಳಿ ಬಂದ ಇವರ ಪ್ರಶ್ನೆ ನೇರವಾಗಿತ್ತು: ಕೆಲಸ ಬಿಟ್ಟು ಬೆಂಗಳೂರಿನಲ್ಲಿ ಆರು ತಿಂಗಳ ಫುಲ್ ಸ್ಟ್ಯಾಕ್ (ವೆಬ್ ಸಾಫ್ಟ್‌ವೇರ್ ಪೂರ್ತಿಯಾಗಿ ಕಟ್ಟುವ) ಕೋರ್ಸ್ ಸೇರಲೇ? ಶುಲ್ಕ 1.4 ಲಕ್ಷ, ಕಂತಿನಲ್ಲಿ ಕಟ್ಟಬಹುದು. ಮನೆಯಲ್ಲಿ ತಾಯಿ, ಓದುತ್ತಿರುವ ತಮ್ಮ. ಉಳಿತಾಯ 60,000. ತರಬೇತಿ ಸಂಸ್ಥೆಯಿಂದ ದಿನವೂ ಫೋನು, "ಇನ್ನೆರಡೇ ಸೀಟು ಮೇಡಂ" ಅಂತ.

ಮೊದಲು ನೋಡಿದ್ದು ಕಾಗದ. ಕಂತು ಎಂದರೆ ಸಂಸ್ಥೆ ಕೊಡುವ ಸೌಲಭ್ಯ ಎಂದು ಇವರು ತಿಳಿದಿದ್ದರು. ವಾಟ್ಸಾಪ್‌ಗೆ ಬಂದಿದ್ದ ಪಿಡಿಎಫ್ ತೆರೆದರೆ ಅದು ಫೈನಾನ್ಸ್ ಕಂಪನಿಯೊಂದರ ಸಾಲದ ಒಪ್ಪಂದ. ಅದರ ಪ್ರಕಾರ ಪೂರ್ತಿ ಹಣ ಶುರುವಿನಲ್ಲೇ ಸಂಸ್ಥೆಯ ಖಾತೆಗೆ ಹೋಗುತ್ತದೆ. ನಡುವೆ ಕೋರ್ಸ್ ಬಿಟ್ಟರೂ, ಕ್ಲಾಸೇ ನಿಂತುಹೋದರೂ ಕಂತು ಕಟ್ಟಬೇಕಾದವರು ಇವರೇ. ತಪ್ಪಿದರೆ ಕೆಡುವುದು ಇವರ ಸಿಬಿಲ್ ಸ್ಕೋರ್. ಡಿಜಿಟಲ್ ಸಾಲಕ್ಕೆ ರಿಸರ್ವ್ ಬ್ಯಾಂಕ್ ನಿಯಮದಂತೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್, ಅಂದರೆ ಸಾಲದ ಖರ್ಚು ಮತ್ತು ಷರತ್ತುಗಳ ಸಾರಾಂಶ, ಕೊಡಲೇಬೇಕು. ದಂಡವಿಲ್ಲದೆ ಸಾಲದಿಂದ ಹಿಂದೆ ಸರಿಯಲು ಎಷ್ಟು ದಿನ ಇದೆ ಎಂಬುದೂ ಅದರಲ್ಲಿರಬೇಕು. ಅದು ಕೈಗೆ ಬರುವವರೆಗೆ ಓಟಿಪಿ ಹೇಳಬೇಡಿ ಎಂಬುದು ಮೊದಲ ಸಲಹೆ.

"ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್" ಎಂದರೆ ಸಂದರ್ಶನಕ್ಕೆ ಹೆಸರು ಕಳಿಸುವುದು, ಅಷ್ಟೇ. ಹಾಗಾಗಿ ಸಂಸ್ಥೆಗೆ ಒಂದೇ ಪ್ರಶ್ನೆ ಕೇಳಲು ಹೇಳಿದೆವು: ಕಳೆದ ಬ್ಯಾಚ್‌ನಲ್ಲಿ ಪದವಿ ಮುಗಿದು ಐದು ವರ್ಷ ದಾಟಿದ ನಾನ್-ಐಟಿಯವರು ಯಾರು ಕೆಲಸಕ್ಕೆ ಸೇರಿದ್ದಾರೆ, ಇಬ್ಬರ ಜೊತೆ ಮಾತಾಡಿಸುತ್ತೀರಾ? ಉತ್ತರ ಬರಲಿಲ್ಲ, ಫೋನೂ ನಿಂತಿತು. ಈ ಪ್ರಶ್ನೆಗೆ ಕಾರಣವಿದೆ. ದೊಡ್ಡ ಕಂಪನಿಗಳ ಫ್ರೆಶರ್ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಪಾಸಾದ ವರ್ಷವನ್ನೇ ನಮೂದಿಸಿರುತ್ತಾರೆ. 2017ರ ಬಿ.ಕಾಂ. ಅರ್ಜಿಯನ್ನು ಯಾರೂ ಓದುವ ಮೊದಲೇ ಫಿಲ್ಟರ್ ಹೊರಗೆ ಹಾಕಿಬಿಡುತ್ತದೆ. ಕೋರ್ಸ್ ಎಷ್ಟೇ ಚೆನ್ನಾಗಿದ್ದರೂ ಈ ಗೋಡೆ ಹಾಗೇ ಇರುತ್ತದೆ.

ಈ ಗೋಡೆ ದಾಟಿಸುತ್ತೇವೆ ಎಂದು ಕೆಲವು ಕನ್ಸಲ್ಟೆನ್ಸಿಗಳು ಮೂರು ವರ್ಷದ ನಕಲಿ ಅನುಭವಪತ್ರ ಮಾರುತ್ತವೆ. ಇವರಿಗೂ ಒಬ್ಬರು ಹೇಳಿದ್ದರಂತೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಅಡಿಯ ಪಿಎಫ್ ಸೇವಾವಿವರ, ಫಾರ್ಮ್ 16 (ಸಂಬಳದಲ್ಲಿ ಕಡಿದ ತೆರಿಗೆಯ ಪತ್ರ), ಸಂಬಳ ಜಮೆಯಾದ ಬ್ಯಾಂಕ್ ಪುಟ ಕೇಳುತ್ತಾರೆ. ಪತ್ರ ಸುಳ್ಳು ಹೇಳಬಹುದು, ಪಿಎಫ್ ಹೇಳುವುದಿಲ್ಲ. ಸೇರಿದ ಮೇಲೆ ಸಿಕ್ಕಿಬಿದ್ದರೂ ಹೊರಗೆ.

ಹಾಗಾದರೆ ದಾರಿ? "ನನಗೆ ಟೆಕ್ನಿಕಲ್ ಏನೂ ಬರಲ್ಲ" ಎಂದವರು ಪ್ರತಿ ತಿಂಗಳು ಮಾಡುವ ಕೆಲಸವನ್ನು ಬಿಡಿಸಿ ಹೇಳಲು ಕೇಳಿದೆವು. 14ನೇ ತಾರೀಖು ಬರುವ ಜಿಎಸ್‌ಟಿಆರ್-2ಬಿ (ಮಾರಿದವರು ಸಲ್ಲಿಸಿದ ಬಿಲ್ಲುಗಳ ಪಟ್ಟಿ) ಡೌನ್‌ಲೋಡ್ ಮಾಡಿ, ಟ್ಯಾಲಿಯ ಖರೀದಿ ರಿಜಿಸ್ಟರ್ ಪಕ್ಕದಲ್ಲಿಟ್ಟು, ಬಿಲ್ಲಿಗೆ ಬಿಲ್ಲು ತಾಳೆ ನೋಡುತ್ತಾರೆ. 2022ರ ಜನವರಿಯಿಂದ 2ಬಿಯಲ್ಲಿ ಕಾಣದ ಬಿಲ್ಲಿಗೆ ತೆರಿಗೆ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ವಜಾ) ಇಲ್ಲ, ಹಾಗಾಗಿ ಒಂದೂ ತಪ್ಪುವಂತಿಲ್ಲ. ಇದನ್ನೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಿರಿ, ಹತ್ತು ವಾರ, ಕೆಲಸ ಬಿಡದೆ: ಇದು ಮುಖ್ಯ ಸಲಹೆ. ಕೋಡಿಂಗ್ ಕಲಿತ ಹೊಸ ಹುಡುಗರು ಸಾವಿರ ಸಿಗುತ್ತಾರೆ. ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸಿ ಮಾರಿದವರು ಕೊಡುವ ಚೀಟಿ) ಯಾಕೆ ತಾಳೆಯಾಗುವುದಿಲ್ಲ ಎಂದು ಬಲ್ಲವರು ಅವರಲ್ಲಿ ಕಡಿಮೆ.

ವೇಳಾಪಟ್ಟಿಯನ್ನು ತೆರಿಗೆ ಕ್ಯಾಲೆಂಡರಿಗೇ ಹೊಂದಿಸಿದೆವು. 7ಕ್ಕೆ ಟಿಡಿಎಸ್ ಕಟ್ಟುವುದು, 11ಕ್ಕೆ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ 3ಬಿ. 7ರಿಂದ 20ರವರೆಗೆ ರಾತ್ರಿ ಅರ್ಧ ಗಂಟೆ ಹಳೆಯ ಅಭ್ಯಾಸ ಮಾತ್ರ. 21ರಿಂದ 6ರವರೆಗೆ ದಿನಕ್ಕೆ ಒಂದೂವರೆ ಗಂಟೆ ಹೊಸ ಪಾಠ. ಪ್ರತಿದಿನ ಎರಡು ಗಂಟೆ ಎಂದು ಗೋಡೆಗೆ ಚೀಟಿ ಅಂಟಿಸಿದವರು ಸಾಮಾನ್ಯವಾಗಿ ಮೊದಲ ರಿಟರ್ನ್ ವಾರದಲ್ಲೇ ಕೈಚೆಲ್ಲುತ್ತಾರೆ. ಲ್ಯಾಪ್‌ಟಾಪ್ ಸೆಕೆಂಡ್‌ಹ್ಯಾಂಡ್ ಆದರೂ ಸಾಕು, 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರಲಿ. ಭಾಷೆ ಪೈಥಾನ್ ಒಂದೇ, ಆಮೇಲೆ ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಎಸ್‌ಕ್ಯೂಎಲ್. ಜಾವಾಸ್ಕ್ರಿಪ್ಟ್ ಈಗ ಬೇಡ.

ಮೊದಲ ಎರಡು ವಾರದ ಗುರಿ ಜಿಎಸ್‌ಟಿಐಎನ್ (ವ್ಯಾಪಾರಿಯ ಜಿಎಸ್‌ಟಿ ನೋಂದಣಿ ಸಂಖ್ಯೆ) ಪರೀಕ್ಷಿಸುವ ಚಿಕ್ಕ ಪ್ರೋಗ್ರಾಂ. 15 ಅಕ್ಷರ, ಮೊದಲೆರಡು ರಾಜ್ಯದ ಸಂಖ್ಯೆ, ಕರ್ನಾಟಕಕ್ಕೆ 29, ನಂತರದ ಹತ್ತು ಪ್ಯಾನ್, ಕೊನೆಯದು ಸಂಖ್ಯೆ ಸರಿಯಿದೆಯೇ ಎಂದು ತೋರಿಸುವ ಚೆಕ್ ಅಕ್ಷರ. ಅದನ್ನು ತೆಗೆಯಲು ಮೊದಲ 14 ಅಕ್ಷರಗಳಿಗೆ ಬೆಲೆ ಕೊಡಬೇಕು, ಎ ಎಂದರೆ 10, ಝಡ್ ಎಂದರೆ 35. ಮೊದಲನೆಯದನ್ನು 1ರಿಂದ, ಎರಡನೆಯದನ್ನು 2ರಿಂದ, ಮತ್ತೆ 1, 2 ಹೀಗೆ ಸರದಿಯಂತೆ ಗುಣಿಸಿ, ಪ್ರತಿ ಗುಣಲಬ್ಧವನ್ನು 36ರಿಂದ ಭಾಗಿಸಿ ಭಾಗಲಬ್ಧ, ಶೇಷ ಎರಡನ್ನೂ ಕೂಡುತ್ತ ಹೋಗಬೇಕು. ಒಟ್ಟು ಮೊತ್ತವನ್ನು 36ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು 36ರಿಂದ ಕಳೆದರೆ ಉತ್ತರ. ಶೇಷ ಸೊನ್ನೆಯಾದರೆ ಉತ್ತರವೂ ಸೊನ್ನೆ. ಲೂಪ್, ಷರತ್ತು, ಫಂಕ್ಷನ್ ಎಲ್ಲವೂ ಇದರಲ್ಲೇ ಬರುತ್ತವೆ. ಸರಿಯೋ ತಪ್ಪೋ ಎಂದು ಮೇಷ್ಟ್ರನ್ನು ಕೇಳಬೇಕಿಲ್ಲ, ಕಚೇರಿಯ ಯಾವ ಬಿಲ್ಲಾದರೂ ಹೇಳುತ್ತದೆ.

ನಾಲ್ಕನೇ ವಾರ ಬಂದಾಗ ಮುಖ ಬಾಡಿತ್ತು. ವಿಡಿಯೋ ನೋಡಿದಾಗ ತಿಳಿಯುತ್ತದೆ, ಖಾಲಿ ಪುಟದ ಮುಂದೆ ಕೂತರೆ ಏನೂ ಬರುವುದಿಲ್ಲ. ಚಾಟ್‌ಬಾಟ್ ಬರೆದುಕೊಟ್ಟದ್ದು ಓಡುತ್ತದೆ, ಯಾಕೆ ಓಡಿತು ಗೊತ್ತಿಲ್ಲ. ಇದು ದಡ್ಡತನವಲ್ಲ, ಕಲಿಯುವ ಕ್ರಮದ ದೋಷ. ಹೇಳಿದ್ದು: ವಿಡಿಯೋ ಹದಿನೈದು ನಿಮಿಷ ಮೀರಬಾರದು, ಮುಚ್ಚಿಟ್ಟು ಅದನ್ನೇ ಮತ್ತೆ ಬರೆಯಬೇಕು. ಎರರ್ ಬಂದರೆ ಕೊನೆಯ ಸಾಲನ್ನು ಮೊದಲು ಓದಿ, ಲೈನ್ ನಂಬರ್ ಹುಡುಕಿ, ಇಪ್ಪತ್ತು ನಿಮಿಷ ಒದ್ದಾಡಿದ ಮೇಲಷ್ಟೇ ಚಾಟ್‌ಬಾಟ್. ಅದೂ ಕೋಡ್ ಕೇಳಲು ಅಲ್ಲ, ಕಾರಣ ಕೇಳಲು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಭಯವೂ ಇರುತ್ತದೆ, ಆದರೆ ಮತ್ತೆ ಮತ್ತೆ ಬರುವ ಎರರ್‌ಗಳು ಹತ್ತು ಹನ್ನೆರಡೇ.

ಮುಂದಿನ ತೊಡಕುಗಳು ಬೇರೆ ಜಾತಿಯವು, ಮತ್ತು ಅವು ಬಂದದ್ದೇ ಒಳ್ಳೆಯ ಲಕ್ಷಣ. ಮೊತ್ತಗಳು ಕಣ್ಣಿಗೆ ಒಂದೇ ಇದ್ದರೂ ಪ್ರೋಗ್ರಾಂ ಬೇರೆ ಎನ್ನುತ್ತಿತ್ತು. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿದರೆ 0.30000000000000004 ಬರುತ್ತದೆ, ಹಣವನ್ನು ಪೈಸೆಯ ಪೂರ್ಣಾಂಕವಾಗಿ ಇಡಬೇಕು ಅಥವಾ ದಶಮಾಂಶವನ್ನು ನಿಖರವಾಗಿ ಇಡುವ ಪೈಥಾನ್‌ನ ಡೆಸಿಮಲ್ ಬಳಸಬೇಕು. ಇನ್ನೊಂದು ಬಿಲ್ ನಂಬರಿನದು. ಮಾರಿದವರು "0045/24-25" ಎಂದು ಹಾಕಿದ್ದನ್ನು ಟ್ಯಾಲಿಯಲ್ಲಿ "45" ಎಂದು ಹೊಡೆದಿರುತ್ತಾರೆ. ಇವರು ಅಕ್ಷರ, ಮೊದಲ ಸೊನ್ನೆಗಳು, ಗೆರೆ, ವರ್ಷ ಎಲ್ಲ ಕಿತ್ತು ತಾಳೆ ಮಾಡಿದರು. ಆಗ ಒಂದೇ ವ್ಯಾಪಾರಿಯ ಎರಡು ಸರಣಿಯ ಎ-45, ಬಿ-45 ಒಂದೇ ಆಗಿ ಕೂತವು. ನಾವು ಹೇಳಿದ್ದು: ಮೊದಲು ಇದ್ದದ್ದು ಇದ್ದಂತೆ ತಾಳೆ. ಉಳಿದವುಗಳಲ್ಲಿ ಮಾತ್ರ ಸಡಿಲ ತಾಳೆ, ಅವನ್ನು ಬೇರೆ ಹಾಳೆಗೆ ಹಾಕಿ ಮನುಷ್ಯರೇ ನೋಡಬೇಕು. ಸಂದರ್ಶನದಲ್ಲಿ ಹೇಳಬೇಕಾದ್ದು ಇದನ್ನೇ ಎಂದು ಬರೆದಿಡಿಸಿದೆವು.

ಒಂದು ಎಚ್ಚರಿಕೆ: ಕೋಡನ್ನು ಇತರರಿಗೆ ತೋರಿಸಲು ಗಿಟ್‌ಹಬ್ ತಾಣಕ್ಕೆ ಹಾಕುವಾಗ ಕಕ್ಷಿದಾರರ ನಿಜವಾದ ಡೇಟಾ ಒಂದು ಸಾಲೂ ಹೋಗಕೂಡದು. ಆಮೇಲೆ ಫೈಲ್ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ, ಅಂದರೆ ಹಿಂದೆ ಉಳಿಸಿಟ್ಟ ಆವೃತ್ತಿಯಲ್ಲಿ, ಉಳಿದಿರುತ್ತದೆ. ಕಲ್ಪಿತ ಹೆಸರು, ಕಲ್ಪಿತ ಬಿಲ್ಲು ಸಾಕು.

ಅರ್ಜಿ ಹಾಕಿಸಿದ್ದು ಬಿಲ್ಲಿಂಗ್, ಇಆರ್‌ಪಿ (ವ್ಯವಹಾರದ ಲೆಕ್ಕ, ದಾಸ್ತಾನು ಒಟ್ಟಿಗೆ ನೋಡುವ) ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಗಳಿಗೆ, ಅದೂ ಆಡಿಟರ್ ವಲಯದ ಪರಿಚಯದ ಮೂಲಕ. ಸಿಕ್ಕದ್ದು ಡೆವಲಪರ್ ಹುದ್ದೆಯಲ್ಲ, 26,000ದ ಸಪೋರ್ಟ್ ಎಂಜಿನಿಯರ್ ಕೆಲಸ: ಗ್ರಾಹಕರ ದೂರು, ಎಸ್‌ಕ್ಯೂಎಲ್ ಕ್ವೆರಿ. ಒಪ್ಪುವ ಮೊದಲು ಎರಡು ವಿಷಯ ಕೇಳಿಕೊಳ್ಳಲು ಹೇಳಿದೆವು. ಸಪೋರ್ಟ್‌ನವರಿಗೆ ಕೋಡ್ ನೋಡಲು ಬಿಡುತ್ತಾರಾ? ಸಪೋರ್ಟ್‌ನಿಂದ ಡೆವಲಪ್‌ಮೆಂಟ್‌ಗೆ ಹೋದವರು ಅಲ್ಲಿ ಯಾರಾದರೂ ಇದ್ದಾರಾ? ಎರಡಕ್ಕೂ ಹೌದು ಎಂಬ ಉತ್ತರ ಬಂತು. ಆಫರ್ ಲೆಟರ್‌ನಲ್ಲಿ ಎರಡು ವರ್ಷದ ಬಾಂಡ್ ಮತ್ತು ಮೂಲ ಅಂಕಪಟ್ಟಿ ಒಪ್ಪಿಸುವ ಷರತ್ತೂ ಇತ್ತು. ಮೂಲಪ್ರತಿ ಯಾರ ಕೈಗೂ ಕೊಡಬೇಡಿ, ತೋರಿಸಿ ವಾಪಸ್ ತನ್ನಿ, ದೃಢೀಕರಿಸಿದ ನಕಲು ಕೊಡಿ ಎಂದು ತಿಳಿಸಿದೆವು. ಆ ಸಾಲನ್ನು ಹೊಡೆದುಹಾಕಿದ ಪತ್ರ ಬಂದ ಮೇಲೆ ಸಹಿ ಮಾಡಿದರು. ಬಾಂಡ್ ಒಂದು ವರ್ಷಕ್ಕೆ ಇಳಿಯಿತು.