ತಂಗಿಯ ಪರವಾಗಿ ನಿಲ್ಲುವುದೆಂದರೆ

ಆತ್ಮೀಯರೇ,

ನಿಮ್ಮ ಪತ್ರ ಎಂಟು ಪುಟಗಳದ್ದು. ಆರು ಪುಟಗಳಲ್ಲಿ ತಂಗಿಯ ಗಂಡನ ವಿಷಯವಿದೆ, ಒಂದೂವರೆ ಪುಟದಲ್ಲಿ ವಕೀಲರ ವಿಷಯ. ತಂಗಿಯ ಬಗ್ಗೆ ಇರುವುದು ಕೊನೆಯ ಅರ್ಧ ಪುಟ ಮಾತ್ರ. ಆ ಅರ್ಧ ಪುಟವನ್ನೇ ನಾನು ಮತ್ತೆ ಮತ್ತೆ ಓದಿದೆ.

ಇತರ ಓದುಗರಿಗಾಗಿ ಸಂಗತಿಯನ್ನು ಚಿಕ್ಕದಾಗಿ ಹೇಳುತ್ತೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ. ಹನ್ನೊಂದು ವರ್ಷದ ಮದುವೆ ಮುರಿಯುತ್ತಿದೆ. ಒಂಬತ್ತು ವರ್ಷದ ಮಗಳಿದ್ದಾಳೆ. ನಾಲ್ಕು ತಿಂಗಳಿಂದ ಗಂಡ ಹೆಂಡತಿ ಬೇರೆ ಬೇರೆ ಇದ್ದಾರೆ. ಅಣ್ಣನಾಗಿ ನೀವು ಒಬ್ಬ ವಕೀಲರನ್ನು ಹುಡುಕಿದ್ದೀರಿ, ಅವರು “ವರ್ಷಗಟ್ಟಲೆ ಅಲೆದಾಡಿಸೋಣ, ಬಿಡಿ” ಎಂದು ಭರವಸೆ ಕೊಟ್ಟಿದ್ದಾರೆ. ತಂಗಿ ಮಾತ್ರ ಕೂತು ಮಾತಾಡಿ ಮುಗಿಸೋಣ ಎನ್ನುತ್ತಿದ್ದಾರೆ. ಒಂದು ರಾತ್ರಿ ಅವರು “ಅವನು ನೆನಪಾಗ್ತಾನೆ ಅಣ್ಣ” ಎಂದು ಅತ್ತರು, ನೀವು ಬೈದಿರಿ. ಆಮೇಲೆ ಅವರು ನಿಮ್ಮ ಹತ್ತಿರ ಮಾತನ್ನೇ ಕಡಿಮೆ ಮಾಡಿದ್ದಾರೆ. “ಅವನಿಗೆ ಶಿಕ್ಷೆ ಆಗಬೇಕು ಅನ್ನುವುದು ತಪ್ಪೇ? ಅವಳಿಗೆ ಬುದ್ಧಿ ಹೇಳುವುದು ಹೇಗೆ?” ಎಂದು ಕೇಳಿದ್ದೀರಿ.

ಶಿಕ್ಷೆಯಾಗಬೇಕು ಎನಿಸುವುದು ತಪ್ಪಲ್ಲ. ಒಡಹುಟ್ಟಿದವಳ ಕಣ್ಣೀರು ನೋಡಿದವರಿಗೆ ಹಾಗೆ ಅನಿಸದಿದ್ದರೇ ಆಶ್ಚರ್ಯ. ಆದರೆ ಆ ಕೆಲಸವನ್ನು ವಿಚ್ಛೇದನದ ಅರ್ಜಿಯಿಂದ ಮಾಡಿಸಲು ಹೊರಟರೆ ತಂಗಿಗೆ ಇನ್ನೊಂದು ಸುತ್ತಿನ ನೋವಾಗುತ್ತದೆ, ಅಷ್ಟೇ. ವಿಚ್ಛೇದನದ ಕೋರ್ಟು ಕೊಡಬಲ್ಲದ್ದನ್ನು ಬೆರಳೆಣಿಕೆಯಲ್ಲಿ ಹೇಳಬಹುದು: ಮದುವೆ ಮುಗಿಯಿತು ಎನ್ನುವ ಆದೇಶ, ಮಗು ಯಾರ ಬಳಿ ಎಷ್ಟು ದಿನ, ಮನೆ ಯಾರಿಗೆ, ಹಣ ಎಷ್ಟು, ಸಾಲ ಯಾರ ಹೆಗಲಿಗೆ. “ನೀನು ಒಳ್ಳೆಯವಳಾಗಿದ್ದೆ, ನಿನಗೆ ಅನ್ಯಾಯವಾಯಿತು” ಎಂದು ತಂಗಿಗೆ ಕೇಳಬೇಕಾಗಿರುವ ಮಾತು ಯಾವ ಡಿಕ್ರಿಯಲ್ಲೂ ಅವರಿಗೆ ನೆಮ್ಮದಿ ಕೊಡುವ ಹಾಗೆ ಬರೆದಿರುವುದಿಲ್ಲ. ಆ ಮಾತನ್ನು ನೀವು ಹೇಳಬಹುದು, ಇವತ್ತೇ ಹೇಳಬಹುದು.

ಒಂದು ಕಾಲಕ್ಕೆ ಬಹಳ ದೇಶಗಳಲ್ಲಿ ಯಾರದಾದರೂ ತಪ್ಪು ಸಾಬೀತಾಗದೆ ವಿಚ್ಛೇದನವೇ ಸಿಗುತ್ತಿರಲಿಲ್ಲ. ಇಬ್ಬರಿಗೂ ಬಿಡುಗಡೆ ಬೇಕಿದ್ದಾಗಲೂ ಯಾರಾದರೊಬ್ಬರು ಕೆಟ್ಟವರಾಗಲೇಬೇಕಿತ್ತು. ಸುಳ್ಳು ಸಾಕ್ಷ್ಯ ಹುಟ್ಟಿಸಿದವರೂ ಇದ್ದರು. ಅಮೆರಿಕದ ಕ್ಯಾಲಿಫೋರ್ನಿಯಾ 1969ರಲ್ಲಿ ಈ ಪದ್ಧತಿ ಕೈಬಿಡುವ ಕಾನೂನು ತಂದಿತು, ಅದು 1970ರ ಜನವರಿ 1ರಂದು ಜಾರಿಗೆ ಬಂತು. ಸಹಿ ಹಾಕಿದ ಗವರ್ನರ್ ರೊನಾಲ್ಡ್ ರೇಗನ್, ಸ್ವತಃ ವಿಚ್ಛೇದನ ಕಂಡವರು. ಇಂಗ್ಲೆಂಡ್ ಮತ್ತು ವೇಲ್ಸ್ ಅಷ್ಟಕ್ಕೆ ಬರಲು 2022ರ ಏಪ್ರಿಲ್ 6ರವರೆಗೆ ಕಾಯಬೇಕಾಯಿತು. ತಪ್ಪನ್ನು ಸಾಬೀತುಪಡಿಸಲೇಬೇಕಾದ ಕಾನೂನುಗಳು ಈಗಲೂ ಕೆಲವು ಕಡೆ ಇವೆ. ಹಾಗಾಗಿ ನಿಮ್ಮ ತಂಗಿಗೆ ಅನ್ವಯಿಸುವ ಕಾನೂನಿನಲ್ಲಿ ಯಾವ ದಾರಿಗಳಿವೆ ಎನ್ನುವುದೇ ಅವರು ವಕೀಲರನ್ನು ಕೇಳಬೇಕಾದ ಮೊದಲ ಪ್ರಶ್ನೆ.

ಮುಂದೆ ಹೋಗುವ ಮೊದಲು ಒಂದು ಮಾತು. ನಿಮ್ಮ ಪತ್ರದಲ್ಲಿ ಹೊಡೆತ, ಬೆದರಿಕೆ, ಹಿಂಬಾಲಿಸುವುದು, ಹಣ ಕಿತ್ತುಕೊಳ್ಳುವುದು ಇಂಥ ಯಾವುದೂ ಇಲ್ಲ. ಹಾಗೆಂದು ಇರಲೇ ಇಲ್ಲ ಎಂದುಕೊಳ್ಳಬೇಡಿ. ತಂಗಿಯೊಬ್ಬರೇ ಇರುವಾಗ, ಗದರದೆ, ಒಮ್ಮೆ ಕೇಳಿ. ನಿಮಗೆ ಹೇಳಲು ಆಗದಿದ್ದರೆ ಅವರು ನಂಬುವ ಹೆಂಗಸೊಬ್ಬರು ಕೇಳಲಿ. ಇದ್ದದ್ದೇ ಆದರೆ ಕೂತು ಮಾತಾಡುವ ಸಲಹೆಯನ್ನು ಪಕ್ಕಕ್ಕಿಡಿ. ಅಲ್ಲಿ ಮೊದಲು ಬೇಕಾದದ್ದು ಸುರಕ್ಷಿತ ಜಾಗ, ರಕ್ಷಣಾ ಆದೇಶ, ಪೊಲೀಸರು. ಹೆದರಿಕೊಂಡವರು ಮಧ್ಯಸ್ಥರ ಮುಂದೆ ಕೂತರೂ ಹೆದರಿಕೊಂಡೇ ಒಪ್ಪುತ್ತಾರೆ. ಮಹಿಳೆಯರ ಮೇಲಿನ ಹಿಂಸೆಯನ್ನು ತಡೆಯಲು ಯುರೋಪಿನ ದೇಶಗಳು 2011ರಲ್ಲಿ ಮಾಡಿಕೊಂಡ ಇಸ್ತಾಂಬುಲ್ ಒಪ್ಪಂದದ 48ನೇ ವಿಧಿ, ಇಂಥ ಪ್ರಕರಣಗಳಲ್ಲಿ ಕಡ್ಡಾಯ ಮಧ್ಯಸ್ಥಿಕೆಯನ್ನೇ ನಿಷೇಧಿಸಬೇಕು ಎನ್ನುತ್ತದೆ.

ಹಿಂಸೆ ಇಲ್ಲವೆಂದಾದರೆ, ತಂಗಿ ಹೇಳುತ್ತಿರುವುದು ಹೇಡಿತನವಲ್ಲ. ಅಲೆದಾಡಿಸುವ ವಕೀಲರು ಗಂಡನನ್ನಷ್ಟೇ ಅಲೆದಾಡಿಸುವುದಿಲ್ಲ. ಪ್ರತಿ ವಾಯಿದೆಗೂ ಈ ಕಡೆಯಿಂದ ನಿಮ್ಮ ತಂಗಿಯೂ ಹೋಗಬೇಕು. ಅದೇ ಮುಖ ನೋಡಬೇಕು, ಪಾಟೀಸವಾಲಿನಲ್ಲಿ ತಮ್ಮ ಮಲಗುವ ಕೋಣೆಯ ಸಂಗತಿಗಳಿಗೆ ಅಪರಿಚಿತರ ಮುಂದೆ ಉತ್ತರಿಸಬೇಕು. ಆ ವರ್ಷಗಳು ಅವರ ಆಯುಷ್ಯದಿಂದಲೂ ಹೋಗುತ್ತವೆ.

ಇದನ್ನು ಮೊದಲು ಕಂಡುಕೊಂಡವರಲ್ಲಿ ವಕೀಲರೂ ಇದ್ದಾರೆ. ಅಮೆರಿಕದ ಮಿನಿಯಾಪೊಲಿಸ್‌ನ ಸ್ಟುವರ್ಟ್ ವೆಬ್ 1990ರಲ್ಲಿ ಇನ್ನು ಮುಂದೆ ವಿಚ್ಛೇದನದಲ್ಲಿ ರಾಜಿಯ ಕೆಲಸವನ್ನಷ್ಟೇ ಮಾಡುತ್ತೇನೆ ಎಂದು ನಿರ್ಧರಿಸಿದರು. ಅವರಿಂದ ಬೆಳೆದ ಸಹಯೋಗದ ಪದ್ಧತಿಯಲ್ಲಿ ಇಬ್ಬರಿಗೂ ಸ್ವಂತ ವಕೀಲರಿರುತ್ತಾರೆ. ಮಾತುಕತೆ ಮುರಿದು ಕೋರ್ಟಿಗೆ ಹೋಗುವುದಾದರೆ ಆ ಇಬ್ಬರು ವಕೀಲರೂ ಪ್ರಕರಣ ಬಿಡಬೇಕು ಎಂದು ಮೊದಲೇ ಬರೆದುಕೊಡುತ್ತಾರೆ. ಜಗಳ ಬೆಳೆದರೆ ವಕೀಲರಿಗೆ ಲಾಭವಿಲ್ಲ. ನನಗೆ ಇದು ಬಹಳ ಮಾನವೀಯವಾದ ಏರ್ಪಾಡು ಎನಿಸುತ್ತದೆ, ಆದರೆ ಎಲ್ಲರಿಗೂ ಹೊಂದುವುದಿಲ್ಲ. ಮುರಿದುಬಿದ್ದರೆ ಹೊಸ ವಕೀಲರಿಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕು, ಫೀಸು ಎರಡು ಸಲ. ಆದಾಯ, ಆಸ್ತಿ ಮುಚ್ಚಿಡುವ ಮನುಷ್ಯನ ಎದುರು ಕೋರ್ಟಿನ ಆದೇಶವೇ ಬೇಕಾಗುತ್ತದೆ. ಅಂಥ ಕಡೆ ಗಟ್ಟಿಯಾಗಿ ವಾದಿಸುವ ವಕೀಲರೇ ಕರುಣೆಯ ವಕೀಲರು.

ಮಧ್ಯಸ್ಥಿಕೆಯ ಬಗ್ಗೆ ನಾನು ನಂಬುವ ಒಂದು ಅಧ್ಯಯನವಿದೆ. ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ರಾಬರ್ಟ್ ಎಮೆರಿ ಅವರ ತಂಡ ಮಗುವಿನ ಸುಪರ್ದಿಗಾಗಿ ಕೋರ್ಟಿಗೆ ಬಂದ ಕುಟುಂಬಗಳಲ್ಲಿ ಕೆಲವನ್ನು ಮಧ್ಯಸ್ಥಿಕೆಗೆ, ಕೆಲವನ್ನು ಎಂದಿನ ಕೋರ್ಟು ದಾರಿಗೆ, ಚೀಟಿ ಎತ್ತಿದ ಹಾಗೆ ಆರಿಸಿ ಕಳಿಸಿತು. ಮಧ್ಯಸ್ಥಿಕೆ ಹಿಡಿದದ್ದು ಸರಾಸರಿ ಐದು ಗಂಟೆ. ಹನ್ನೆರಡು ವರ್ಷ ಕಳೆದು ನೋಡಿದಾಗ, ಮಗುವಿನಿಂದ ಬೇರೆ ವಾಸಿಸುವ ತಂದೆ ಅಥವಾ ತಾಯಿ ವಾರಕ್ಕೊಮ್ಮೆಯಾದರೂ ಮಗುವನ್ನು ಕಾಣುತ್ತಿದ್ದುದು ಮಧ್ಯಸ್ಥಿಕೆಯ ಗುಂಪಿನಲ್ಲಿ ಶೇ. 28, ಕೋರ್ಟಿನ ಗುಂಪಿನಲ್ಲಿ ಶೇ. 9. ಗುಂಪುಗಳು ಚಿಕ್ಕವು. ಆದರೂ ಐದು ಗಂಟೆ ಕೂತು ಆಡಿದ ಮಾತು ಹನ್ನೆರಡು ವರ್ಷ ಬಾಳಿತು ಎನ್ನುವುದು ನನ್ನನ್ನು ಬಿಟ್ಟಿಲ್ಲ. ನಿಮ್ಮ ತಂಗಿಯ ಮಗಳಿಗೆ ಆಗ ಇಪ್ಪತ್ತೊಂದಾಗಿರುತ್ತದೆ.

ಆ ಮಗುವಿಗೆ ನೀವು ಸೋದರಮಾವ. “ನಿನಗೆ ಅಪ್ಪ ಬೇಕೋ ಅಮ್ಮ ಬೇಕೋ” ಎಂದು ತಮಾಷೆಗೂ ಕೇಳಬೇಡಿ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಮಗುವಿನ ಮಾತಿಗೆ ಕಿವಿಗೊಡಬೇಕು ಎನ್ನುತ್ತದೆ. ಕಿವಿಗೊಡುವುದು ಬೇರೆ, ತೀರ್ಪಿನ ಭಾರವನ್ನು ಒಂಬತ್ತು ವರ್ಷದ ತಲೆಯ ಮೇಲೆ ಹೊರಿಸುವುದು ಬೇರೆ. ಅದೇ ಒಡಂಬಡಿಕೆಯ 9ನೇ ವಿಧಿಯ ಪ್ರಕಾರ, ಮಗುವಿನ ಹಿತಕ್ಕೆ ಧಕ್ಕೆಯಾಗದಿದ್ದರೆ, ಇಬ್ಬರೊಂದಿಗೂ ಒಡನಾಟ ಇಟ್ಟುಕೊಳ್ಳುವುದು ಮಗುವಿನ ಹಕ್ಕು. “ನಿಮ್ಮಪ್ಪ ಹೀಗೆ” ಎಂದು ನೀವು ಆಡುವ ಪ್ರತಿ ಮಾತೂ ಅವಳಿಗೆ ತನ್ನ ಅರ್ಧಭಾಗದ ಬಗ್ಗೆ ಆಡಿದ ಹಾಗೆ ಕೇಳಿಸುತ್ತದೆ.

ಈಗ ಆ ರಾತ್ರಿಯ ವಿಷಯ. “ಅವನು ನೆನಪಾಗ್ತಾನೆ” ಎಂದದ್ದಕ್ಕೆ ನೀವು ಸಿಟ್ಟಾದಿರಿ. ನೆನಪಾಗುತ್ತಾನೆ ಎಂದರೆ ವಾಪಸು ಹೋಗುತ್ತೇನೆ ಎಂದು ಅರ್ಥವಲ್ಲ. ಹನ್ನೊಂದು ವರ್ಷ ಒಂದೇ ಬಾಗಿಲಿನ ಸದ್ದಿಗೆ ಕಿವಿ ಕೊಟ್ಟವರಿಗೆ ಆ ಸದ್ದು ನಿಂತದ್ದೇ ಒಂದು ನೋವು. 1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಬದುಕಿನ 43 ಘಟನೆಗಳ ಒತ್ತಡವನ್ನು ಅಳೆಯುವ ಪಟ್ಟಿ ಮಾಡಿದರು. ಸಂಗಾತಿಯ ಸಾವಿಗೆ 100 ಅಂಕ, ಅದರ ಕೆಳಗೇ ವಿಚ್ಛೇದನಕ್ಕೆ 73, ಬೇರೆಯಾಗಿ ಬಾಳುವುದಕ್ಕೆ 65. ಹಳೆಯ ಅಳತೆಗೋಲು, ಒಬ್ಬೊಬ್ಬರಿಗೆ ಒಂದೊಂದು ಥರ, ನಿಜ. ಆದರೆ ಸಾವಾದರೆ ಜನ ಬಂದು ಪಕ್ಕದಲ್ಲಿ ಕೂರುತ್ತಾರೆ. ವಿಚ್ಛೇದನವಾದರೆ ಕಾರಣ ಕೇಳುತ್ತಾರೆ. ಸುತ್ತಲಿನವರು ದುಃಖವೆಂದು ಒಪ್ಪದ ಇಂಥ ದುಃಖಕ್ಕೆ ಕೆನೆತ್ ಡೋಕಾ ಎಂಬ ವಿದ್ವಾಂಸರು ಹಕ್ಕು ಕಸಿದ ದುಃಖ ಎಂಬ ಅರ್ಥದ ಹೆಸರು ಕೊಟ್ಟಿದ್ದಾರೆ. ಆ ರಾತ್ರಿ ನೀವು ಕಸಿದುಕೊಂಡದ್ದು ಆ ಹಕ್ಕನ್ನು. ಪ್ರೀತಿಯಿಂದಲೇ ಕಸಿದಿರಿ, ನನಗೆ ಗೊತ್ತು. ಆದರೂ ಹೋಗಿ ಕ್ಷಮೆ ಕೇಳಿ. ವಿವರಣೆ ಬೇಡ, “ಆವತ್ತು ನಾನು ಬೈಬಾರದಿತ್ತು” ಅಷ್ಟೇ ಸಾಕು.

ಅವರ ನಿದ್ದೆ, ಊಟ ಗಮನಿಸಿ. ಬದುಕೇ ಬೇಡ ಎನ್ನುವ ಧಾಟಿಯ ಮಾತು ಬಂದರೆ “ಸಾಯಬೇಕು ಅನಿಸ್ತಿದೆಯಾ?” ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಅಷ್ಟು ದೂರ ಹೋಗದಿದ್ದರೂ ಆಪ್ತ ಸಮಾಲೋಚಕರ ನೆರವು ಒಳ್ಳೆಯದು, ಅದಕ್ಕೊಂದು ಲೌಕಿಕ ಕಾರಣವೂ ಇದೆ. ಅಳು, ಸಿಟ್ಟು, ಪಶ್ಚಾತ್ತಾಪ ಎಲ್ಲವನ್ನೂ ವಕೀಲರ ಕಚೇರಿಗೆ ಒಯ್ದವರು ಅಲ್ಲಿ ಕಾನೂನಿಗೆ ಇರಬೇಕಾದ ಸಮಯವನ್ನು ಕಳೆದುಕೊಂಡು, ಸಮಾಧಾನವೂ ಸಿಗದೆ ಹೊರಬರುತ್ತಾರೆ.

ನಿಮಗೆ ಕೈಗೆ ಕೆಲಸ ಬೇಕು, ಅದು ಅರ್ಥವಾಗುತ್ತದೆ. ಇಲ್ಲಿದೆ: ಬ್ಯಾಂಕ್ ವಿವರ, ಸಂಬಳದ ಚೀಟಿ, ಸಾಲದ ಕಾಗದ, ವಿಮೆಯಲ್ಲಿ ಯಾರು ನಾಮಿನಿ, ಜಂಟಿ ಖಾತೆಗಳು ಇವನ್ನೆಲ್ಲ ತಂಗಿ ಹೇಳಿದರೆ ಒಂದು ಕಡತಕ್ಕೆ ಸೇರಿಸಿಕೊಡಿ. ಮದುವೆಯಿಂದ ಇಲ್ಲಿಯವರೆಗಿನ ಮುಖ್ಯ ಸಂಗತಿಗಳನ್ನು ಅವರೇ ದಿನಾಂಕದೊಂದಿಗೆ ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಲಿ. ಗಂಡನ ಫೋನು, ಇಮೇಲ್ ಕದ್ದು ನೋಡುವ ಆಸೆ ಬಂದರೆ ತಡೆದುಕೊಳ್ಳಿ, ಅದು ತಿರುಗಿ ತಂಗಿಯ ಮೇಲೆಯೇ ಬರಬಹುದು. ಸಾಮಾಜಿಕ ಜಾಲತಾಣದಲ್ಲಿ ನೀವು ಸಿಟ್ಟಿನಿಂದ ಹಾಕುವ ಒಂದು ಸಾಲು ನಾಳೆ ಎದುರಾಳಿ ವಕೀಲರ ಕೈಯಲ್ಲಿರುತ್ತದೆ. ಯಾವ ಕಾಗದಕ್ಕೂ ಓದಿದ ದಿನವೇ ಸಹಿ ಬೇಡ.

ವಕೀಲರ ಭೇಟಿಗೆ ಅವರನ್ನು ಕರೆದೊಯ್ದು ನೀವು ಹೊರಗೆ ಕೂರಿ. ಕಕ್ಷಿದಾರರು ಮತ್ತು ವಕೀಲರ ಮಾತು ಗೋಪ್ಯ. ಮೂರನೆಯವರು ಒಳಗಿದ್ದರೆ ಕೆಲವು ದೇಶಗಳಲ್ಲಿ ಆ ರಕ್ಷಣೆಯೇ ಸಡಿಲವಾಗಬಹುದು. ಅದಕ್ಕಿಂತ ಮುಖ್ಯವಾಗಿ, ಅಣ್ಣನ ಮುಂದೆ ಹೇಳಲಾಗದ ಸಂಗತಿ ಅವರಿಗೆ ಇರಬಹುದು. ವಕೀಲರು ಯಾರೆಂದು ಅವರೇ ಆರಿಸಲಿ. ಏನು ಸಿಗುವುದಿಲ್ಲ ಎಂದು ಮೊದಲ ದಿನವೇ ಹೇಳುವವರನ್ನು, ಫೀಸಿನ ಲೆಕ್ಕವನ್ನು ಬರೆದುಕೊಡುವವರನ್ನು ಹುಡುಕಲಿ. ಗೆಲ್ಲಿಸಿಯೇ ಕೊಡುತ್ತೇನೆ ಎನ್ನುವವರಿಂದ ದೂರವಿರುವುದು ಒಳ್ಳೆಯದು.

ಇಷ್ಟೆಲ್ಲ ಆದಮೇಲೆ ಆದೇಶ ಬರುವ ದಿನವನ್ನು ನೆನಪಿಟ್ಟುಕೊಳ್ಳಿ. ಅಂದು ನಿಮಗೆ ನಿರಾಳವಾಗಬಹುದು, ಅವರಿಗೆ ಆಗದೇ ಹೋಗಬಹುದು. ಓಡಾಟ ನಿಂತಾಗಲೇ ಅನೇಕರಿಗೆ ನಿಜವಾದ ಖಾಲಿತನ ಶುರುವಾಗುವುದು, ಜೊತೆಗಿದ್ದವರು ಕೆಲಸ ಮುಗಿಯಿತೆಂದು ಹೊರಡುವುದೂ ಆಗಲೇ. ಆ ತಿಂಗಳು ನಿಮ್ಮ ಬೇರೆ ಕೆಲಸಗಳನ್ನು ಸ್ವಲ್ಪ ಸರಿಸಿಟ್ಟುಕೊಳ್ಳಿ.

ಪತ್ರದ ಅಂಚಿನಲ್ಲಿ ಪೆನ್ಸಿಲಿನಿಂದ ಇನ್ನೊಂದು ಪ್ರಶ್ನೆ ಬರೆದಿದ್ದೀರಿ: “ನಿಮಗೆ ಬರೆದದ್ದನ್ನು ಅವಳಿಗೆ ಹೇಳಲೇ?” ಹೇಳಿ. ಈ ಉತ್ತರವನ್ನೂ ಅವರ ಕೈಗೆ ಕೊಡಿ. ಓದಬೇಕೋ ಬೇಡವೋ ಅವರಿಗೆ ಬಿಟ್ಟದ್ದು.

ನಿಮ್ಮ,
ಸಂಪಾದಕ