ಕ್ಯೂಟಿ ಮುಂದೆಯೂ ಮುಕ್ತವಾಗಿ ಸಿಗುತ್ತದೆಯೇ?

ಕ್ಯೂಟಿ (Qt) ಎಂದರೆ ಆ್ಯಪ್‌ಗಳ ಕಿಟಕಿ, ಬಟನ್‌ಗಳಂಥವನ್ನು ಕಟ್ಟಲು ಬಳಸುವ ಸಾಫ್ಟ್‌ವೇರ್ ಸಲಕರಣೆ. ಅದರ ಮಾಲೀಕ ಕಂಪನಿ ಮನಸ್ಸು ಬದಲಾಯಿಸಿದರೆ ಕ್ಯೂಟಿ ಕೈತಪ್ಪುತ್ತದೆ ಎಂಬ ಭಯ ಬೇಡ. 1998ರಲ್ಲೇ ಅದನ್ನು ರೂಪಿಸಿದ ಟ್ರೋಲ್‌ಟೆಕ್ ಕಂಪನಿ ಮತ್ತು ಕ್ಯೂಟಿ ಬಳಸಿ ಮುಕ್ತ ಡೆಸ್ಕ್‌ಟಾಪ್ ಕಟ್ಟುವ ಕೆಡಿಇ ಸಮುದಾಯ ಒಪ್ಪಂದ ಮಾಡಿಕೊಂಡು ಒಂದು ಫೌಂಡೇಶನ್ ಕಟ್ಟಿದವು. 12 ತಿಂಗಳು ಮುಕ್ತ ಆವೃತ್ತಿ ಬರದಿದ್ದರೆ ಆ ಫೌಂಡೇಶನ್ ಕ್ಯೂಟಿಯನ್ನು ಬಿಎಸ್‌ಡಿ ಮಾದರಿಯ, ಅಂದರೆ ಬಹುತೇಕ ಷರತ್ತುಗಳೇ ಇಲ್ಲದ, ಲೈಸೆನ್ಸ್‌ನಲ್ಲಿ ಬಿಡುಗಡೆ ಮಾಡಬಹುದು. ಆಗ ಕೋಡ್ ಮುಚ್ಚಿಟ್ಟು ಮಾರುವವರೂ ಕಂಪನಿಗೆ ದುಡ್ಡು ಕೊಡಬೇಕಿಲ್ಲ. ಲೈಸೆನ್ಸ್ ಮಾರಿ ಬದುಕುವವರಿಗೆ ಇದು ದೊಡ್ಡ ಹೊಡೆತ, ಅಲ್ವಾ? ನೋಕಿಯಾ, ಡಿಜಿಯಾ ಎಂದು ಮಾಲೀಕರು ಬದಲಾದರೂ ಈ ಒಪ್ಪಂದ ಉಳಿದಿದೆ.

ನನಗೆ ಜಾಸ್ತಿ ಚಿಂತೆ ಬೇರೆ ಕಡೆ. 2021ರ ಜನವರಿಯಿಂದ ಕ್ಯೂಟಿ 5.15 ಆವೃತ್ತಿಯ ದೀರ್ಘಾವಧಿ ತಿದ್ದುಪಡಿಗಳು ಮೊದಲು ಸಿಕ್ಕಿದ್ದು ದುಡ್ಡು ಕೊಟ್ಟವರಿಗೆ. ಕೆಡಿಇ ತನ್ನದೇ ಪ್ಯಾಚ್ (ತಿದ್ದುಪಡಿ ಕೋಡ್) ಸಂಗ್ರಹ ನಡೆಸಬೇಕಾಯಿತು. ಹಾಗಾಗಿ ಹಳೇ ಆವೃತ್ತಿಗೆ ಅಂಟಿಕೊಳ್ಳಬೇಡಿ. ಹೊಸದು ಬಂದಾಗಲೆಲ್ಲ ಅದಕ್ಕೆ ಬದಲಾಗಿ.